ಮೇಜುಬಟ್ಟೆಯ ಮೇಲಿನ ಗೆರೆಗಳು: ಹಾಸನದ ಒಂದು ಸಿನಿಮಾ ಪ್ರದರ್ಶನ, ಒಬ್ಬ ಮಾಜಿ ಹವಾಲ್ದಾರ್

ಮಾಜಿ ಸೈನಿಕರ ಮನೆಯವರಿಗೆ ಯುದ್ಧದ ಸಿನಿಮಾ ತೋರಿಸುವ ಮಾತು ಬಂದಾಗಲೆಲ್ಲ ಸಂಘಟಕರು ಮೊದಲು ಕೇಳುವುದು ‘ಅದರಲ್ಲಿ ಗುಂಡಿನ ಸದ್ದು ಎಷ್ಟಿದೆ?’ ಎಂದು. ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಎಂಬ ಹಳೆಯ ಹಾಲಿವುಡ್ ಚಿತ್ರ ತೋರಿಸಲು ಹೊರಟ ಈ ಪ್ರಕರಣದಲ್ಲೂ ಅದನ್ನೇ ಕೇಳಿದರು. ‘ಒಂದೂ ಇಲ್ಲ’ ಎಂಬ ಉತ್ತರ ಬಂದ ಮೇಲೆ ಎಲ್ಲರೂ ನಿರಾಳವಾದರು. ತೊಂದರೆ ಬಂದದ್ದು ಪಕ್ಕದ ಕಲ್ಯಾಣ ಮಂಟಪದಿಂದ. ಪ್ರಯೋಜನ ಬಂದದ್ದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ನಗೆ ದೃಶ್ಯದಿಂದ: ಔತಣಕೂಟದಲ್ಲಿ ಗಂಡ ಎಷ್ಟು ಪೆಗ್ ಏರಿಸಿದ ಎಂದು ಹೆಂಡತಿ ಫೋರ್ಕಿನ ತುದಿಯಿಂದ ಮೇಜುಬಟ್ಟೆಯ ಮೇಲೆ ಗೆರೆ ಎಳೆಯುತ್ತಾ ಕೂರುವ ದೃಶ್ಯ.

ಫೆಬ್ರವರಿಯ ಒಂದು ಭಾನುವಾರ ಹಾಸನ ನಗರದ ಸಮುದಾಯ ಭವನವೊಂದರಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದರು. ಬಂದವರು ಅರವತ್ತು ಜನರ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಅವರಲ್ಲಿ ಆಲೂರು–ಸಕಲೇಶಪುರ ನಡುವಿನ ತೋಟದ ಸೀಮೆಯಿಂದ ಬಂದ ಒಬ್ಬ ಮಾಜಿ ಹವಾಲ್ದಾರ್ ಮತ್ತು ಅವರ ಹೆಂಡತಿಯೂ ಇದ್ದರು. ಹವಾಲ್ದಾರರು 22 ವರ್ಷ ಸೇವೆ ಮಾಡಿದವರು, 1999ರ ಕಾರ್ಗಿಲ್ ಕಾಳಗದ ಹೊತ್ತಿಗೆ ದ್ರಾಸ್ ವಲಯದಲ್ಲಿದ್ದವರು. ಈಗ ಹಾಸನದ ಒಂದು ಬ್ಯಾಂಕಿನಲ್ಲಿ ಸೆಕ್ಯುರಿಟಿ ಕೆಲಸ, ಊರಲ್ಲಿ ಎರಡು ಎಕರೆ ಕಾಫಿ, ಒಂದಿಷ್ಟು ಗದ್ದೆ. ಯಾವ ಮನೆಯ ಗುರುತೂ ಸಿಗಬಾರದೆಂದು ಇಂಥ ಕೆಲವು ಮನೆಗಳ ವಿವರ ಬೆರೆಸಿ ಒಂದೇ ಪ್ರಕರಣವಾಗಿ ಬರೆದಿದೆ. ದ್ರಾಸ್‌ನಲ್ಲಿ ಏನು ನಡೆಯಿತೆಂಬುದು ಇಲ್ಲಿ ಇಲ್ಲ. ಅದು ಅವರಿಗೂ ಅವರ ಚಿಕಿತ್ಸಕರಿಗೂ ಬಿಟ್ಟದ್ದು.

ಯಾಕೆ ಈ ಸಿನಿಮಾ

ಆರಿಸಿದ್ದು ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’. 1946ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ, 172 ನಿಮಿಷದ ಕಪ್ಪು–ಬಿಳುಪು ಚಿತ್ರ. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್, ನಿರ್ದೇಶಕ ವಿಲಿಯಂ ವೈಲರ್. ಎರಡನೇ ಮಹಾಯುದ್ಧ ಮುಗಿಸಿ ಮೂವರು ತಮ್ಮೂರು ಬೂನ್ ಸಿಟಿಗೆ ವಾಪಸಾಗುತ್ತಾರೆ. ಆಲ್ ಸ್ಟೀಫನ್‌ಸನ್ ಊರಲ್ಲಿ ಬ್ಯಾಂಕ್ ಅಧಿಕಾರಿ, ಸೈನ್ಯದಲ್ಲಿ ಬರೀ ಸಾರ್ಜೆಂಟ್. ಫ್ರೆಡ್ ಡೆರಿ ಊರಲ್ಲಿ ಅಂಗಡಿಯ ಸೋಡಾ ಕೌಂಟರಿನ ಹುಡುಗ, ವಾಯುಪಡೆಯಲ್ಲಿ ಬಾಂಬ್ ಗುರಿಯಿಡುವ ಕ್ಯಾಪ್ಟನ್. ಹೋಮರ್ ಪ್ಯಾರಿಷ್ ನೌಕಾಪಡೆಯ ಹುಡುಗ. ಎರಡೂ ಕೈ ಸುಟ್ಟುಹೋಗಿ ಉಕ್ಕಿನ ಕೊಕ್ಕೆ ಹಾಕಿಸಿಕೊಂಡು ಬಂದಿದ್ದಾನೆ.

ಪದವಿ ಹೀಗೆ ತಲೆಕೆಳಗಾಗುವುದನ್ನು ಹಾಸನದ ಸಭಿಕರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನೂರು ಜನರನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದವರು ನಿವೃತ್ತಿಯಾಗಿ ಎಟಿಎಂ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರುವುದು ಇಲ್ಲಿ ದಿನಾ ಕಾಣುವ ನೋಟ. ಎದೆ ತುಂಬ ಪದಕ ಹೊತ್ತು ಬಂದ ಫ್ರೆಡ್ ವಾರಕ್ಕೆ 32.50 ಡಾಲರಿಗೆ ಅದೇ ಹಳೆಯ ಅಂಗಡಿಗೆ ಮರಳಿದಾಗ ಹಿಂದಿನ ಸಾಲಿನಿಂದ ಒಬ್ಬರು ‘ಪಿಂಚಣಿನೂ ಇಲ್ವೇನೋ ಅವನಿಗೆ’ ಎಂದರು.

ಹೋಮರ್ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಟನೇ ಅಲ್ಲ. 1944ರ ಜೂನ್ 6ರಂದು ಅಮೆರಿಕದ ತರಬೇತಿ ಶಿಬಿರದಲ್ಲಿ ಸ್ಫೋಟಕ ಸಿಡಿದು ಎರಡೂ ಕೈ ಕಳೆದುಕೊಂಡ ಸೈನಿಕ. ಗಾಯಾಳುಗಳ ಪುನರ್ವಸತಿ ಕುರಿತ ಒಂದು ಸೇನಾ ಸಾಕ್ಷ್ಯಚಿತ್ರದಲ್ಲಿ ವೈಲರ್ ಅವನನ್ನು ಕಂಡು ಕರೆಸಿದರು. ಮೂಲ ಕಥನದಲ್ಲಿ ಹೋಮರನಿಗಿದ್ದದ್ದು ಮಿದುಳಿನ ಪೆಟ್ಟು. ಅಂಗಾಂಗ ಹಿಡಿತಕ್ಕೆ ಬಾರದ ಸ್ಥಿತಿ. ರಸೆಲ್‌ಗಾಗಿ ಅದನ್ನು ಕೈಯಿಲ್ಲದವನ ಪಾತ್ರವಾಗಿ ಬದಲಿಸಿದರು. ಈ ಒಂದು ಪಾತ್ರಕ್ಕೆ ರಸೆಲ್ ಎರಡು ಆಸ್ಕರ್ ಪಡೆದ. ಚಿತ್ರಕ್ಕೆ ಸ್ಪರ್ಧೆಯ ವಿಭಾಗಗಳಲ್ಲಿ ಒಟ್ಟು ಏಳು ಬಂದವು. ಆದರೆ ಆ ಬದಲಾವಣೆಯಿಂದ ಚಿತ್ರದ ತೂಕವೂ ಸ್ವಲ್ಪ ಪಕ್ಕಕ್ಕೆ ವಾಲಿತು ಎಂದೇ ನಮ್ಮ ಅಭಿಪ್ರಾಯ. ಕಣ್ಣಿಗೆ ಕಾಣುವ ಗಾಯ ನಡುಮನೆಗೆ ಬಂತು. ಕಾಣದ ಗಾಯ ಫ್ರೆಡ್‌ನ ನಿದ್ದೆಯೊಳಕ್ಕೆ, ಆಲ್‌ನ ಗ್ಲಾಸಿನೊಳಕ್ಕೆ ಸೇರಿಕೊಂಡಿತು. ಮನೆಯವರ ಜೊತೆ ಮಾತಾಡಲು ಹೊರಟವರಿಗೆ ಬೇಕಾದದ್ದು ಆ ಎರಡನೆಯದೇ.

ವೈಲರ್ ಸ್ವತಃ ಯುರೋಪಿನ ಮೇಲೆ ಬಾಂಬರ್ ವಿಮಾನಗಳಲ್ಲಿ ಹಾರಿ ಚಿತ್ರೀಕರಣ ಮಾಡಿದವರು. 1945ರಲ್ಲಿ ಅಂಥದೊಂದು ಹಾರಾಟದಲ್ಲಿ ಶ್ರವಣಶಕ್ತಿಯ ಬಹುಪಾಲು ಕಳೆದುಕೊಂಡರು. ಆದರೂ ಚಿತ್ರದಲ್ಲಿ ಒಂದೇ ಒಂದು ಯುದ್ಧದೃಶ್ಯ ಇಲ್ಲ. ಕೊನೆಯ ಭಾಗದಲ್ಲಿ ಫ್ರೆಡ್ ಗುಜರಿಗೆ ಬಿದ್ದ ಬಾಂಬರ್ ವಿಮಾನದ ಮೂತಿಯೊಳಗೆ ಹೋಗಿ ಕೂರುತ್ತಾನೆ. ಹ್ಯೂಗೋ ಫ್ರೀಡ್‌ಹೋಫರ್ ಅವರ ಸಂಗೀತವೇ ಎಂಜಿನ್ ಶುರುವಾದಂತೆ ಏರುತ್ತದೆ, ಕ್ಯಾಮೆರಾ ವಿಮಾನದತ್ತ ಸರಿಯುತ್ತದೆ, ಅಷ್ಟೆ. ನೆನಪಿನ ಚಿತ್ರ ಒಂದೂ ಬರುವುದಿಲ್ಲ.

ಭವನದ ತಯಾರಿ

ಚಿತ್ರದ ಅಳತೆ 1.37ಕ್ಕೆ 1. ಹೆಚ್ಚುಕಡಿಮೆ ಹಳೆ ಟಿ.ವಿ.ಯ ಚೌಕ. ಪ್ರೊಜೆಕ್ಟರನ್ನು 16:9ಕ್ಕೆ ಇಟ್ಟರೆ ಮುಖಗಳೆಲ್ಲ ಅಡ್ಡಡ್ಡ ಹಿಗ್ಗುತ್ತವೆ. ಮೆನುವಿನಲ್ಲಿ 4:3 ಆರಿಸಬೇಕು. 10 ಅಡಿ ಅಗಲದ ಪರದೆಗೆ ಎತ್ತರ ಸುಮಾರು 7 ಅಡಿ 4 ಅಂಗುಲ ಬರುತ್ತದೆ. ಇಷ್ಟು ಜಾಗಕ್ಕೆ 3,000 ಲ್ಯುಮೆನ್ಸ್ ಬೆಳಕಿನ ಪ್ರೊಜೆಕ್ಟರ್ ಧಾರಾಳ. ಹಾಗಾಗಿ ಭವನವನ್ನು ಪೂರ್ತಿ ಕತ್ತಲು ಮಾಡುವ ಅಗತ್ಯವಿಲ್ಲ. ಹಿಂದಿನ ಗೋಡೆಯ ಎರಡು ದೀಪ, ಬಾಗಿಲ ಮೇಲಿನ ಒಂದು ದೀಪ ಉರಿಯುತ್ತಿರಲಿ. ಗ್ರೆಗ್ ಟೋಲೆಂಡ್ ಛಾಯಾಗ್ರಹಣದ ಕಪ್ಪು ಸ್ವಲ್ಪ ಬೂದಾಗುತ್ತದೆ. ಸಿನಿಮಾ ಪ್ರಿಯರು ಗೊಣಗುತ್ತಾರೆ, ಗೊಣಗಲಿ. ಕಾವಲಿನ ಅಭ್ಯಾಸ ಇನ್ನೂ ಮೈಯಿಂದ ಹೋಗದವರಿಗೆ ಬಾಗಿಲು ಎಲ್ಲಿದೆಯೆಂದು ಕಾಣುತ್ತಿರಬೇಕು.

ಅದೇ ಕಾರಣಕ್ಕೆ ಕೊನೆಯ ಸಾಲಿನ ಕುರ್ಚಿಗಳನ್ನು ಗೋಡೆಗೆ ಒರಗಿಸಿ ಹಾಕಿದ್ದರು. ಬೆನ್ನ ಹಿಂದೆ ಜನ ಓಡಾಡಿದರೆ ಕಸಿವಿಸಿಯಾಗುವವರು ಯಾರೂ ಹೇಳದೆ ತಾವೇ ಹೋಗಿ ಅಲ್ಲಿ ಕೂರುತ್ತಾರೆ. ಯಾರು ಕೂತರು ಎಂದು ದೂರದಿಂದಲೇ ಗಮನಿಸಿದರೆ ಆಪ್ತಸಮಾಲೋಚಕರಿಗೆ ಅರ್ಧ ಕೆಲಸ ಆದಂತೆ. ಹವಾಲ್ದಾರರು ಕೂತದ್ದು ಆ ಸಾಲಿನ ಬಾಗಿಲ ಕಡೆಯ ಕೊನೆಯ ಕುರ್ಚಿಯಲ್ಲಿ. ನಡುವೆ ನಾಲ್ಕು ಅಡಿ ದಾರಿ ಬಿಟ್ಟಿದ್ದರು. ಎರಡೂ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಕನ್ನಡ ಸಬ್‌ಟೈಟಲ್ ತಯಾರಿಸಲು ಹಿಡಿದ ಶ್ರಮ ಬೇರೆಲ್ಲಕ್ಕಿಂತ ಹೆಚ್ಚು. ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ 35 ಅಕ್ಷರದೊಳಗೆ, ಓದುವ ವೇಗ ಸೆಕೆಂಡಿಗೆ 12 ಅಕ್ಷರದ ಸುತ್ತಮುತ್ತ. ವಯಸ್ಸಾದವರಿರುವ ಸಭೆಗೆ ಇದಕ್ಕಿಂತ ವೇಗ ಆಗದು. ಪ್ರೊಜೆಕ್ಟರಿನೊಳಗಿನ ಪ್ಲೇಯರಿಗೆ ಪೆನ್‌ಡ್ರೈವ್ ಚುಚ್ಚಿ ಸಬ್‌ಟೈಟಲ್ ಕಡತ ತೆರೆದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವುದು ಸಾಮಾನ್ಯ. ‘ಯುದ್ಧ’ ಎಂಬುದು ‘ಯುದ್‌ಧ’ ಆಗಿಬಿಡುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲೇ ವಿಡಿಯೊದೊಳಕ್ಕೆ ಅಚ್ಚು ಹಾಕಿಸಿ ತರುವುದು ಕ್ಷೇಮ. ಕಪ್ಪು–ಬಿಳುಪಿನಲ್ಲಿ ಬಿಳಿ ಅಂಗಿಯ ಮೇಲೆ ಬಿಳಿ ಅಕ್ಷರ ಮಾಯವಾಗುವುದರಿಂದ ತೆಳು ಹಳದಿ ಬಣ್ಣ, ಹಿಂದೆ ಅರೆಗಪ್ಪು ಪಟ್ಟಿ ಇರಲಿ. ಒತ್ತು ಕೆಳಗಿಳಿಯುವ ಲಿಪಿಯಾದ್ದರಿಂದ ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು.

ಒಂದು ಕಡೆ ಮಾತ್ರ ಸಬ್‌ಟೈಟಲನ್ನು ಬೇಕೆಂದೇ ತೆಳುಗೊಳಿಸಬೇಕು. ಬಾರ್‌ನಲ್ಲಿ ಹೋಮರ್ ಕೊಕ್ಕೆಗಳಿಂದ ಪಿಯಾನೊ ನುಡಿಸುತ್ತಿರುತ್ತಾನೆ, ಆಲ್ ಪಕ್ಕದಲ್ಲಿ ನಿಂತಿರುತ್ತಾನೆ. ದೂರದ ಮೂಲೆಯ ಫೋನ್ ಗೂಡಿನಲ್ಲಿ ಫ್ರೆಡ್, ಆಲ್‌ನ ಮಗಳು ಪೆಗ್ಗಿಯ ಜೊತೆಗಿನ ಸಂಬಂಧ ಮುರಿದುಕೊಳ್ಳುತ್ತಿರುತ್ತಾನೆ. ಎಲ್ಲವೂ ಒಂದೇ ಚೌಕಟ್ಟಿನಲ್ಲಿ, ಎಲ್ಲವೂ ಸ್ಪಷ್ಟ. ಫೋನಿನ ಮಾತು ನಮಗೆ ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಕಣ್ಣು ಪರದೆಯ ಕೆಳ ಅಂಚಿಗೆ ಹೋದರೆ ದೃಶ್ಯವೇ ಕೈತಪ್ಪಿತು.

ಧ್ವನಿ ಮೋನೊ, ಒಂದೇ ಸ್ಪೀಕರ್ ಪರದೆಯ ಕೆಳಗೆ ಸಾಕು. ನಡುಸಾಲಿನಲ್ಲಿ 65ರಿಂದ 70 ಡೆಸಿಬೆಲ್ ಇದ್ದರೆ ಮಾತು ತಿಳಿಯುತ್ತದೆ. ಕರೆಂಟ್ ಹೋದರೆ ಜನರೇಟರ್ ಹತ್ತಿಕೊಳ್ಳುವ ಹೊತ್ತಿಗೆ ಸ್ಪೀಕರಿನಿಂದ ‘ಢಬ್’ ಎಂಬ ಸದ್ದು ಬರುತ್ತದೆ. ಪ್ರೊಜೆಕ್ಟರಿಗೂ ಆಂಪ್ಲಿಫೈಯರಿಗೂ ಒಂದು ಯುಪಿಎಸ್ ಹಾಕಿದರೆ ಅದು ತಪ್ಪುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದ್ದರು. ಪಕ್ಕದ ಮಂಟಪದಲ್ಲಿ ಅವತ್ತು ಮದುವೆ ಇದೆಯೇ ಎಂದು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ಹಕ್ಕಿನ ವಿಷಯಕ್ಕೆ ಒಂದು ಮಾತು. ಭಾರತದ ಕಾನೂನಿನಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. 1946ರ ಚಿತ್ರಕ್ಕೆ ಅದು 2006ಕ್ಕೆ ಮುಗಿಯಿತು. ಆದರೆ ಸಂಗೀತದ ಲೆಕ್ಕ ಬೇರೆ. ಅದನ್ನು ಸಂಯೋಜಕರ ಸಾವಿನಿಂದ ಎಣಿಸುತ್ತಾರೆ, ಅವರು ತೀರಿಕೊಂಡದ್ದು 1981ರಲ್ಲಿ. ಟಿಕೆಟ್ ಇಟ್ಟು ತೋರಿಸುವ ಯೋಚನೆ ಇದ್ದರೆ ಮೊದಲು ವಕೀಲರ ಹತ್ತಿರ ಹೋಗುವುದು ಒಳ್ಳೆಯದು.

ಇಂಟರ್‌ವಲ್

ಮೂವರೂ ಮನೆ ಸೇರಿದ ಮೊದಲ ರಾತ್ರಿ, ಮರುದಿನ ಬೆಳಗ್ಗೆ ಮುಗಿದ ಮೇಲೆ ಸಿನಿಮಾ ನಿಲ್ಲಿಸಿ ಕಾಫಿ ಕೊಟ್ಟರು. ಈ ಜಾಗ ಆರಿಸಿದ್ದು ಸರಿಯಾಗಿತ್ತು. ಫ್ರೆಡ್ ಕುಡಿದು ಆಲ್‌ನ ಮನೆಯಲ್ಲಿ ಮಲಗಿ, ಉರಿಯುವ ವಿಮಾನದಿಂದ ಗೆಳೆಯನನ್ನು ಹೊರಕ್ಕೆ ಬಾ ಎಂದು ಕೂಗುತ್ತಾ ಕನವರಿಸುವ ದೃಶ್ಯ ಈ ಭಾಗದಲ್ಲಿ ಬರುತ್ತದೆ. ಅದಾದ ಮೇಲೆ ಬೆಳಗಾಗಿ, ತಿಂಡಿಯ ವಾಸನೆ ಬಂದು, ನಗು ಬರುವವರೆಗೆ ಕಾದು ನಿಲ್ಲಿಸಬೇಕು. ಗಡಿಯಾರ ನೋಡಿ ಸಮಭಾಗ ಮಾಡಲು ಹೋದರೆ ಯಾವುದೋ ಜಗಳದ ನಡುವೆ ದೀಪ ಹತ್ತುತ್ತದೆ.

ಕನವರಿಕೆಯ ದೃಶ್ಯದಲ್ಲಿ ಹವಾಲ್ದಾರರು ಅಲುಗಲಿಲ್ಲ. ಹೆಂಡತಿ ಮಾತ್ರ ತಿರುಗಿ ಅವರನ್ನು ನೋಡಿದರು.

ಕಾಫಿ ಲೋಟ ಕೈಗೆ ಬಂದು ಐದು ನಿಮಿಷವಾಗಿರಬೇಕು, ಪಕ್ಕದ ಮಂಟಪಕ್ಕೆ ದಿಬ್ಬಣ ಬಂತು. ಮೊದಲು ಓಲಗ, ಆಮೇಲೆ ಸರಪಟಾಕಿ, ಅದರ ಕೊನೆಗೆ ಎರಡು ಆಟಂಬಾಂಬು. ಹವಾಲ್ದಾರರು ಕಂಬದ ಬುಡಕ್ಕೆ ಬಿದ್ದು ತಲೆ ತಗ್ಗಿಸಿ ಮುದುಡಿಕೊಂಡರು. ಬಿಸಿ ಕಾಫಿ ಕೈಮೇಲೆ ಚೆಲ್ಲಿದ್ದೂ ಅವರ ಗಮನಕ್ಕೆ ಬರಲಿಲ್ಲ. ತಕ್ಷಣ ಇಬ್ಬರು ಓಡಿಬಂದು ಹಿಂದಿನಿಂದ ರಟ್ಟೆ ಹಿಡಿದು ಎತ್ತಲು ನೋಡಿದರು. ಒಬ್ಬರಿಗೆ ಮೊಣಕೈ ಏಟು ಬಿತ್ತು. ಸುತ್ತ ಹತ್ತು ಹನ್ನೆರಡು ಜನ ಗುಂಪುಗೂಡಿದರು. ‘ಏನಿಲ್ಲ ಅಣ್ಣ, ಪಟಾಕಿ ಅಷ್ಟೆ’ ಎಂದು ಒಬ್ಬರು, ‘ಬಿ.ಪಿ. ಇರಬೇಕು, ನೀರು ಹಾಕಿ’ ಎಂದು ಇನ್ನೊಬ್ಬರು.

ಇದರಲ್ಲಿ ಮೂರು ತಪ್ಪುಗಳಿವೆ, ಮೂರೂ ಒಳ್ಳೆ ಮನಸ್ಸಿನಿಂದಾದವು. ಹಿಂದಿನಿಂದ ಮುಟ್ಟಿದ್ದು ಮೊದಲನೆಯದು. ಆ ಕ್ಷಣದಲ್ಲಿ ಮೈ ತಾನು ಬೇರೆಲ್ಲೋ ಇದ್ದೇನೆಂದು ನಂಬಿರುತ್ತದೆ, ಹಿಂದಿನಿಂದ ಬಂದ ಕೈ ಶತ್ರುವಿನದೇ ಆಗುತ್ತದೆ. ಜನ ಮುತ್ತಿ ಹೊರಹೋಗುವ ದಾರಿ ಮುಚ್ಚಿದ್ದು ಎರಡನೆಯದು. ‘ಏನಿಲ್ಲ’ ಎಂದದ್ದು ಮೂರನೆಯದು. ಎದೆ ಹೊಡೆದುಕೊಳ್ಳುತ್ತಿರುವವನಿಗೆ ಏನೋ ಆಗಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಅಲ್ಲಿದ್ದ ಆಪ್ತಸಮಾಲೋಚಕಿ ಮಾಡಿದ್ದು ಹೀಗೆ. ಜನರನ್ನು ಹಿಂದಕ್ಕೆ ಸರಿಸಿ ಬಾಗಿಲ ಕಡೆ ದಾರಿ ಬಿಡಿಸಿದರು. ಎದುರಿಗೆ, ಎರಡು ಮಾರು ದೂರದಲ್ಲಿ, ತಾವೂ ನೆಲದ ಮಟ್ಟಕ್ಕೆ ಕೂತರು. ತಗ್ಗಿದ ದನಿಯಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ: ‘ಹವಾಲ್ದಾರ್ರೇ, ಇದು ಹಾಸನ. ಇವತ್ತು ಭಾನುವಾರ. ಪಕ್ಕದಲ್ಲಿ ಮದುವೆ ನಡೀತಿದೆ. ಪಟಾಕಿ ಸಿಡಿಸಿದ್ರು. ಇನ್ನೂ ಒಂದೆರಡು ಸಿಡೀಬಹುದು.’ ಈ ಕೊನೆಯ ವಾಕ್ಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮುಂದೆ ಸದ್ದು ಬರಬಹುದೆಂದು ಮೊದಲೇ ಹೇಳದೆ ‘ಮುಗೀತು’ ಎಂದು ಭರವಸೆ ಕೊಟ್ಟ ಮೇಲೆ ಇನ್ನೊಂದು ಸಿಡಿದರೆ, ಹೇಳಿದವರ ಮಾತಿಗೆ ಅವತ್ತಿಡೀ ಬೆಲೆ ಇರುವುದಿಲ್ಲ. ಆಮೇಲೆ ಅಂಗಾಲನ್ನು ನೆಲಕ್ಕೆ ಒತ್ತಲು ಹೇಳಿದರು. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಕೇಳಿದರು. ಉಸಿರನ್ನು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಡಲು ಹೇಳಿದರು. ಕೈ ಸುಟ್ಟಿದ್ದಕ್ಕೆ ನಲ್ಲಿಯ ತಣ್ಣೀರು ಬಿಟ್ಟರು. ನೀರಿನ ತಂಪೂ ಈ ಹೊತ್ತಿಗೆ ಕರೆದು ತರಲು ಸಹಾಯ ಮಾಡುತ್ತದೆ.

ಇಪ್ಪತ್ತು ನಿಮಿಷದಲ್ಲಿ ಬೆವರು ಆರಿತು. ಮನೆಗೆ ಹೋಗಲು ಆಟೊ ತರಿಸಲೇ ಎಂದು ಕೇಳಿದಾಗ ‘ಬೇಡ, ಆ ಕೊಕ್ಕೆ ಹುಡುಗ ಏನಾಗ್ತಾನೆ ನೋಡ್ಬೇಕು’ ಎಂದರು. ಆಯ್ಕೆ ಅವರದೇ ಆಗಿತ್ತೆಂಬುದು ಮುಖ್ಯ. ಮತ್ತೆ ಅದೇ ಕುರ್ಚಿಯಲ್ಲಿ ಕೂತರು. ಆ ಬದಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟರು.

ಗೆರೆಗಳು

ಎರಡನೆಯ ಭಾಗದಲ್ಲಿ ಬ್ಯಾಂಕಿನವರು ಆಲ್‌ಗೆ ಔತಣ ಕೊಡುತ್ತಾರೆ. ಅವನು ಒಂದಾದ ಮೇಲೊಂದು ಗ್ಲಾಸ್ ಎತ್ತುತ್ತಾನೆ, ಹೆಂಡತಿ ಮಿಲಿ ಪ್ರತಿ ಗ್ಲಾಸಿಗೂ ಮೇಜುಬಟ್ಟೆಯ ಮೇಲೆ ಒಂದು ಗೆರೆ ಎಳೆಯುತ್ತಾಳೆ. ಅಡಮಾನ ಇಟ್ಟುಕೊಳ್ಳದೆ ಸೈನಿಕನಿಗೆ ಸಾಲ ಕೊಟ್ಟದ್ದಕ್ಕೆ ಆಕ್ಷೇಪ ಎತ್ತಿದ ಬ್ಯಾಂಕಿನವರೆದುರು ಆಲ್ ಎದ್ದು, ಬೆಟ್ಟ ಹಿಡಿಯೆಂದು ಮೇಲಧಿಕಾರಿ ಹೇಳಿದಾಗ ಅಡಮಾನ ಇಲ್ಲದೆ ಬೆಟ್ಟ ಇಲ್ಲ ಎಂದೆ ಅನ್ನುವ ಅರ್ಥದ ಹಾಸ್ಯ ಹೊಡೆಯುತ್ತಾನೆ. ಗಂಡಸರು ಆ ಮಾತಿಗೆ ಚಪ್ಪಾಳೆ ತಟ್ಟಿದರು. ಹೆಂಗಸರು ನಕ್ಕದ್ದು ಅದಕ್ಕಿಂತ ಮೊದಲು, ಗೆರೆಗಳಿಗೆ. ಆ ಎರಡು ನಗುವಿನ ನಡುವಿನ ಅಂತರ ಗಮನಿಸಿದ್ದರಿಂದಲೇ ಸಿನಿಮಾ ಮುಗಿದ ಮೇಲಿನ ಮಾತುಕತೆಯನ್ನು ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಮಾಡಲು ಸಾಧ್ಯವಾಯಿತು.

ಹೆಂಗಸರ ಗುಂಪಿನಲ್ಲಿ ಸಮಾಲೋಚಕಿ ಕೇಳಿದ್ದು ಒಂದೇ ಪ್ರಶ್ನೆ: ‘ನೀವು ಗೆರೆ ಎಲ್ಲಿ ಹಾಕ್ತೀರ?’ ಒಬ್ಬರು ಕ್ಯಾಲೆಂಡರಿನ ಮೇಲೆ ಎಂದರು. ಹವಾಲ್ದಾರರ ಹೆಂಡತಿ, ‘ನಾನು ಬಾಟ್ಲಿ ಲೇಬಲ್ ಮೇಲೆ ಪೆನ್ನಲ್ಲಿ ಹಾಕ್ತೀನಿ. ನಮ್ಮನೆಯವ್ರಿಗೆ ಗೊತ್ತು, ಗೊತ್ತಿಲ್ಲದಂಗಿರ್ತಾರೆ’ ಎಂದರು. ಸೈನ್ಯದ ಕ್ಯಾಂಟೀನ್ ಕಾರ್ಡಿನ ತಿಂಗಳ ಮದ್ಯದ ಕೋಟಾ ಹತ್ತು ಹನ್ನೆರಡು ದಿನಕ್ಕೆ ಮುಗಿದು, ಆಮೇಲೆ ಪೇಟೆಯ ಅಂಗಡಿಯಿಂದ ಬರುತ್ತಿತ್ತು. 750 ಮಿ.ಲೀ. ಬಾಟಲಿ ಎರಡೂವರೆ ದಿನ. ರಮ್ಮಿನ 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಅಂದರೆ ದಿನಕ್ಕೆ ಹತ್ತು ಪೆಗ್, 100 ಗ್ರಾಂ. ಇದು ‘ಮಿಲ್ಟ್ರಿಯೋರು ಒಂಚೂರು ತಗೋತಾರೆ’ ಎಂದು ಊರು ನಗುವ ಮಟ್ಟ ದಾಟಿ ಬಹಳ ದೂರ ಬಂದದ್ದು.

ಯಾಕೆ ಕುಡಿಯುತ್ತಾರೆ ಎಂಬುದಕ್ಕೆ ಅವರೇ ಕೊಟ್ಟ ಉತ್ತರ: ‘ಕುಡಿದ್ರೆ ಎರಡು ಗಂಟೆವರೆಗೆ ಮಲಗ್ತಾರೆ. ಇಲ್ದಿದ್ರೆ ಮಲಗೋದೇ ಇಲ್ಲ.’ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಮನೆ ಸುತ್ತ ಒಂದು ಸುತ್ತು. ಆನೆ ಓಡಿಸಲು ಅಕ್ಕಪಕ್ಕದ ತೋಟದವರು ಪಟಾಕಿ ಸಿಡಿಸಿದ ರಾತ್ರಿ ಮಂಚದಿಂದ ಕೆಳಗೆ. ಭತ್ತ ತೆನೆಗಟ್ಟುವ ತಿಂಗಳುಗಳಲ್ಲಿ ಇದು ಹೆಚ್ಚುಕಡಿಮೆ ದಿನವೂ. ಮಗ ಒಮ್ಮೆ ಅಪ್ಪನನ್ನು ಮುಟ್ಟಿ ಎಬ್ಬಿಸಲು ಹೋಗಿ ಕುತ್ತಿಗೆಗೆ ಕೈ ಹಾಕಿಸಿಕೊಂಡಿದ್ದ. ಆಮೇಲೆ ಅವನು ಆ ಕೋಣೆಗೆ ಹೋಗುತ್ತಿಲ್ಲ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಸನ್ಮಾನಕ್ಕೆ ಕರೆದರೆ ಪ್ರತಿವರ್ಷ ಜ್ವರ.

ಮರುಕಳಿಸುವ ಕನಸು, ನೆನಪಿಸುವ ಸಂಗತಿಗಳಿಂದ ತಪ್ಪಿಸಿಕೊಳ್ಳುವುದು, ಸದಾ ಕಾವಲಿನ ಎಚ್ಚರ: ಮೂರೂ ಇವೆ, ತಿಂಗಳುಗಳಲ್ಲ, ವರ್ಷಗಳಿಂದ ಇವೆ. 1946ರಲ್ಲಿ ಇದನ್ನು ಯುದ್ಧದ ದಣಿವು ಎನ್ನುತ್ತಿದ್ದರು. ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಬಂದದ್ದು 1980ರಲ್ಲಿ.

ಮೊದಲ ವಾರ

ಮೊದಲು ಕೇಳಬೇಕಾದದ್ದು ಕೋವಿ. ಮಲೆನಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಕೋವಿ ಇರುವ ಮನೆಗಳು ಅಪರೂಪವಲ್ಲ. ಈ ಮನೆಯಲ್ಲೂ ಇತ್ತು, ಮಂಚದ ತಲೆದೆಸೆಯಲ್ಲಿ. ನಿದ್ದೆಗೆಟ್ಟವರು, ಕುಡಿಯುವವರು, ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಸುತ್ತುವವರು ಇರುವ ಮನೆಯಲ್ಲಿ ತುಂಬಿದ ಕೋವಿ ಇರಬಾರದು. ‘ಸಾಯಬೇಕು ಅನ್ನಿಸಿದೆಯಾ?’ ಎಂದು ನೇರವಾಗಿಯೇ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹವಾಲ್ದಾರರ ಉತ್ತರ: ‘ಅನ್ಸಿದೆ. ಮಗಳ ಮದುವೆ ಆಗ್ಲಿ ಅಂತಿದೀನಿ.’ ಅದು ದಿನ ಗೊತ್ತುಮಾಡಿಕೊಂಡವರ ಮಾತು. ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸುವ ರೂಢಿ ಹೇಗೂ ಇದೆ. ಅದೇ ರೀತಿ ರಸೀದಿ ಪಡೆದು ಒಪ್ಪಿಸಿದರು, ತೋಟಗಳ್ಳರ ಭಯವನ್ನು ನೆಪವಾಗಿ ಹೇಳದೆ. ಕೋವಿಯ ತೋಟಾಗಳನ್ನೂ ಕೊಟ್ಟರು. ಕಾಫಿಗೆ ಹೊಡೆಯುವ ಕೀಟನಾಶಕ, ಕಳೆನಾಶಕದ ಡಬ್ಬಿಗಳು ಭಾವಮೈದುನನ ಮನೆಯ ಬೀಗದ ಕೋಣೆಗೆ ಹೋದವು. ಕೋವಿಯಷ್ಟೇ ಅಪಾಯ ಇವುಗಳದ್ದೂ, ಆದರೆ ಇವು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು ಕುಡಿತ, ಇಲ್ಲಿ ಮನೆಯವರು ಮಾಡುವ ತಪ್ಪು ಅತಿ ಅಪಾಯದ್ದು. ದೇವರ ಮುಂದೆ ಆಣೆ ಹಾಕಿಸಿ ಒಂದೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ದಿನಕ್ಕೆ ಹತ್ತು ಪೆಗ್ ಕುಡಿಯುವ ದೇಹಕ್ಕೆ ಒಮ್ಮೆಲೇ ನಿಂತರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು. ಇದರಿಂದ ಸಾವೂ ಆಗುತ್ತದೆ. ಆದ್ದರಿಂದ ಬಿಡಿಸುವುದು ಆಸ್ಪತ್ರೆಯಲ್ಲೇ, ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ಕೈನಡುಕ–ನಾಡಿ ನೋಡುತ್ತಾ, ಕೆಲವೇ ದಿನದ ಮಾತ್ರೆಗಳಿಂದ. ಆ ಮಾತ್ರೆಗಳನ್ನು ಆಮೇಲೆ ‘ನಿದ್ದೆ ಚೆನ್ನಾಗಿ ಬರುತ್ತೆ’ ಎಂದು ಮೆಡಿಕಲ್ ಸ್ಟೋರಿನಿಂದ ತಂದು ಮುಂದುವರಿಸಬಾರದು. ಅವು ಪಿಟಿಎಸ್‌ಡಿಗೆ ಔಷಧವಲ್ಲ, ಇನ್ನೊಂದು ಚಟ.

ಹೋಗುವುದೆಲ್ಲಿಗೆ? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿಕೊಂಡು ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ರೆಫರಲ್ ಇಲ್ಲದೆ ಮೊದಲು ದಾಖಲಾಗಿ ಆಮೇಲೆ ಬಿಲ್ ಹಿಡಿದು ಅಲೆಯುವುದು ಬೇಡ. ನಡುರಾತ್ರಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೂ ಸಿಗುತ್ತದೆ. ಈ ಮನೆಯವರು ಆಲೂರಿನ ಕ್ಲಿನಿಕ್ ಬೇಡವೆಂದರು, ಸಂಕೋಚಕ್ಕೆ. ಹಾಸನಕ್ಕೇ ಹೋದರು. ಹಾಗೆ ಮಾಡುವುದರಲ್ಲಿ ತಪ್ಪೇನಿಲ್ಲ.

ಆಮೇಲಿನ ಚಿಕಿತ್ಸೆ

ಕುಡಿತ ನಿಂತು ಮೂರು ವಾರವಾದ ಮೇಲೆ ಪಿಟಿಎಸ್‌ಡಿ ಲಕ್ಷಣಗಳನ್ನು ಅಳೆಯುವ ಪಿಸಿಎಲ್–5 ಪ್ರಶ್ನಾವಳಿ ಮಾಡಿದರು: 20 ಪ್ರಶ್ನೆ, 0ರಿಂದ 80 ಅಂಕ, 31–33ರ ಮೇಲಿದ್ದರೆ ಪಿಟಿಎಸ್‌ಡಿ ಇರುವ ಸಾಧ್ಯತೆ. ಬಂದದ್ದು 52. ಕುಡಿಯುತ್ತಿರುವಾಗಲೇ ಅಳೆದರೆ ಯಾವುದು ರಮ್ಮಿನದು, ಯಾವುದು ಯುದ್ಧದ್ದು ಎಂದು ಬಿಡಿಸಲಾಗುವುದಿಲ್ಲ. ವೈದ್ಯರು ಖಿನ್ನತೆಗೂ ಪಿಟಿಎಸ್‌ಡಿಗೂ ಕೊಡುವ ಸರ್ಟ್ರಾಲಿನ್ ಮಾತ್ರೆಯನ್ನು 50 ಮಿ.ಗ್ರಾಂನಿಂದ ಶುರುಮಾಡಿ 100ಕ್ಕೆ ಏರಿಸಿದರು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮೊದಲ ಹತ್ತು ದಿನ ಹೊಟ್ಟೆ ತೊಳಸು, ಚಡಪಡಿಕೆ ಬರುವುದರಿಂದ ಬಹಳಷ್ಟು ಮಂದಿ ಅಲ್ಲಿಗೇ ಮಾತ್ರೆ ಬಿಟ್ಟುಬಿಡುತ್ತಾರೆ. ಇದನ್ನು ಮೊದಲೇ ಹೇಳಿದ್ದರಿಂದ ಇವರು ಬಿಡಲಿಲ್ಲ.

ಮಾತಿನ ಚಿಕಿತ್ಸೆ ಅದಕ್ಕಿಂತ ಕಷ್ಟದ್ದು. ನಡೆದದ್ದನ್ನು ಸುರಕ್ಷಿತ ಜಾಗದಲ್ಲಿ, ವರ್ತಮಾನ ಕಾಲದಲ್ಲಿ, ಮತ್ತೆ ಮತ್ತೆ ಹೇಳಿಸುವ ಪದ್ಧತಿ; ವಾರಕ್ಕೊಂದು, ಸುಮಾರು 90 ನಿಮಿಷ, 8ರಿಂದ 15 ಸಲ. ಎಲ್ಲ ಜಿಲ್ಲೆಗಳಲ್ಲಿ ಇದರ ತರಬೇತಿ ಆದವರು ಸಿಗುವುದಿಲ್ಲ. ಮೊದಲ ಕೆಲವು ಸಲ ಬೆಂಗಳೂರಿಗೆ ಹೋಗಿ, ಉಳಿದದ್ದನ್ನು ವಿಡಿಯೊ ಕರೆಯಲ್ಲಿ ಮಾಡಿದರು. ಮೂರನೆಯ ಸಲದಿಂದ ಐದನೆಯ ಸಲದವರೆಗೆ ಕನಸು ಹೆಚ್ಚಾಯಿತು. ಇದು ನಿರೀಕ್ಷಿತ. ಕುಡಿತಕ್ಕೆ ಮರಳುವ ಅಪಾಯವೂ ಆಗಲೇ ಹೆಚ್ಚು. ಒಂದು ರಾತ್ರಿ ಮರಳಿದರು ಕೂಡ.

ಸಿನಿಮಾ ದಾರಿ ತಪ್ಪಿಸುವ ಕಡೆ

ಮನೆಯವರ ಜೊತೆ ಈ ಚಿತ್ರ ಬಳಸುವವರು ಮೂರು ವಿಷಯಗಳನ್ನು ಬಾಯಿಬಿಟ್ಟು ಹೇಳಲೇಬೇಕು. ಪೆಗ್ಗಿ ಕನವರಿಸುವ ಫ್ರೆಡ್‌ನ ಪಕ್ಕ ಕೂತು ಕೈಯಿಂದ ಸಮಾಧಾನ ಮಾಡಿ ಮಲಗಿಸುತ್ತಾಳೆ. ನೋಡಲು ಚೆಂದ, ಮನೆಯಲ್ಲಿ ಮಾಡಬಾರದು. ದೀಪ ಹಾಕಿ, ಕಾಲ ಕಡೆ ದೂರದಲ್ಲಿ ನಿಂತು, ಹೆಸರು ಹಿಡಿದು ಕರೆಯಬೇಕು. ಹವಾಲ್ದಾರರ ಮಗನಿಗೆ ಇದನ್ನು ಹೇಳಿಕೊಟ್ಟ ಮೇಲೆ ಅವನು ಮತ್ತೆ ಆ ಕೋಣೆಯ ಬಾಗಿಲವರೆಗೆ ಬರತೊಡಗಿದ.

ಫ್ರೆಡ್ ಗುಜರಿ ವಿಮಾನದಲ್ಲಿ ಕೂತು ಎದ್ದು, ಆ ಗುಜರಿಯಿಂದ ಮನೆ ಕಟ್ಟುವ ಕಂಪನಿಯಲ್ಲೇ ಕೆಲಸ ಹಿಡಿದು ಗುಣವಾದಂತೆ ಕಾಣುತ್ತಾನೆ. ದೃಶ್ಯವಾಗಿ ಅದು ಇಡೀ ಚಿತ್ರದ ಶಿಖರ. ಚಿಕಿತ್ಸೆಯಾಗಿ ಅದು ಸುಳ್ಳು. ಒಬ್ಬನೇ ಹೋಗಿ ಹಳೆಯ ಜಾಗದಲ್ಲಿ ಒಮ್ಮೆ ಕೂತು ಬಂದರೆ ಕೆಲವರಿಗೆ ಇನ್ನೂ ಹದಗೆಡುತ್ತದೆ. ಇನ್ನು ಚಿತ್ರ ಮುಗಿಯುವುದೇ ಹೋಮರ್ ಮತ್ತು ಅವನ ಹುಡುಗಿ ವಿಲ್ಮಾಳ ಮದುವೆಯಲ್ಲಿ, ಅದೇ ಕೋಣೆಯಲ್ಲಿ ಫ್ರೆಡ್ ಮತ್ತು ಪೆಗ್ಗಿ ಒಂದಾಗುತ್ತಾರೆ. ‘ಒಂದು ಮದುವೆ ಮಾಡಿ, ಸರಿಹೋಗ್ತಾನೆ’ ಎಂಬ ನಮ್ಮೂರಿನ ಔಷಧಿಗೆ ಹಾಲಿವುಡ್ಡೂ ರುಜು ಹಾಕಿದಂತೆ. ಅದಕ್ಕಿಂತ ಮೊದಲು ಬರುವ, ರಾತ್ರಿ ಕೊಕ್ಕೆ ಕಳಚಿದ ಮೇಲೆ ತಾನೆಷ್ಟು ಅಸಹಾಯಕ ಎಂದು ಹೋಮರ್ ವಿಲ್ಮಾಗೆ ತೋರಿಸುವ ದೃಶ್ಯವನ್ನು ಹಿಡಿದು ಮಾತು ಶುರುಮಾಡುವುದು ಒಳ್ಳೆಯದು. ಮದುವೆಗೆ ಮುಂಚೆ ಇದ್ದದ್ದನ್ನು ಇದ್ದಂತೆ ತೋರಿಸಿಬಿಡುವುದು ಅಲ್ಲಿದೆ. ಹವಾಲ್ದಾರರು ಗಂಡಸರ ಗುಂಪಿನಲ್ಲಿ ಬಾಯಿಬಿಟ್ಟದ್ದೂ ಆ ದೃಶ್ಯದ ಬಗ್ಗೆ ಮಾತ್ರ: ‘ಅವನಿಗೆ ತೋರ್ಸೋಕೆ ಕೊಕ್ಕೆ ಇತ್ತು.’

ಆರು ತಿಂಗಳ ಮೇಲೆ

ಪಿಸಿಎಲ್–5 ಅಂಕ 52ರಿಂದ 34ಕ್ಕೆ ಇಳಿದಿದೆ. ಹತ್ತಕ್ಕಿಂತ ಹೆಚ್ಚಿನ ಇಳಿತ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಬದಲಾವಣೆ. ಆದರೆ 34 ಇನ್ನೂ ಗಡಿಯ ಆಚೆಯೇ. ಕುಡಿತ ಒಮ್ಮೆ ಜಾರಿದ್ದು ಬಿಟ್ಟರೆ ನಿಂತಿದೆ. ಕ್ಯಾಂಟೀನ್ ಕಾರ್ಡ್ ಹೆಂಡತಿಯ ಹತ್ತಿರವಿದೆ, ಕೋಟಾದಲ್ಲಿ ಈಗ ದಿನಸಿ ಮಾತ್ರ. ಕೋವಿ ಇನ್ನೂ ಠಾಣೆಯಲ್ಲೇ. ವಾಪಸು ತರುವ ಮಾತು ಮಗಳ ಮದುವೆ ಕಳೆದು ಮೂರು ತಿಂಗಳಾದ ಮೇಲೆ, ವೈದ್ಯರ ಎದುರಿಗೆ ಎಂದು ಬರೆದಿಟ್ಟುಕೊಂಡಿದ್ದಾರೆ.

ಆನೆ ಪಟಾಕಿಗೆ ಕಂಡುಕೊಂಡ ಉಪಾಯ ಹವಾಲ್ದಾರರದ್ದೇ. ಆನೆಗಳು ಯಾವ ಊರ ಹತ್ತಿರ ಇವೆಯೆಂದು ಅರಣ್ಯ ಇಲಾಖೆಯಿಂದ ಬರುವ ಮೆಸೇಜನ್ನು ಸಂಜೆ ಓದುತ್ತಾರೆ. ಹತ್ತಿರ ಇದ್ದರೆ ಆ ರಾತ್ರಿ ಪಟಾಕಿ ಖಂಡಿತ. ಮನೆಯವರಿಗೂ ಹೇಳಿ, ಮಂಚದ ಬದಲು ನಡುಮನೆಯ ಗೋಡೆಗೆ ಒರಗಿ ಚಾಪೆಯಲ್ಲಿ ಮಲಗುತ್ತಾರೆ. ಮೊದಲೇ ಗೊತ್ತಿದ್ದ ಸದ್ದಿಗೆ ಮೈ ಬೆಚ್ಚಿದರೂ ನೆಲಕ್ಕೆ ಬೀಳುವುದಿಲ್ಲ ಎಂದು ಅವರೇ ಹೇಳಿದ್ದಾರೆ.

ಇನ್ನೊಂದು ಪ್ರದರ್ಶನವನ್ನು ಮುಂದಿನ ಆಷಾಢದ ಭಾನುವಾರಕ್ಕೆ ಗೊತ್ತುಮಾಡಿದ್ದಾರೆ. ಆ ತಿಂಗಳು ಮದುವೆ ಇರುವುದಿಲ್ಲ, ಮಂಟಪದ ಕಾಟ ತಪ್ಪುತ್ತದೆ. ಆದರೆ ಮಳೆಗಾಲ. ಶೀಟಿನ ಮಾಡಿನ ಭವನದಲ್ಲಿ ಹಾಸನದ ಮಳೆಗೆ ಒಂದು ಮಾತೂ ಕೇಳಿಸದು, ಆದ್ದರಿಂದ ಆರ್‌ಸಿಸಿ ಛಾವಣಿಯ ಜಾಗವನ್ನೇ ಹುಡುಕಬೇಕು.